ಭಾಳ ಶಾಣ್ಯಾ ಫೋನ್

ಕೊಪ್ಪಳ ಜಿಲ್ಲೆಯಾದ ವರ್ಷವೇ ಹನುಮಸಾಗರದಲ್ಲಿ ಹುಟ್ಟಿದ ವಾಣಿಶ್ರೀ ನಾಲಿಗೆಯನ್ನು ಹಿಡಿತದಲ್ಲಿಟ್ಟವಳೇ ಅಲ್ಲ. ತನ್ನನ್ನು ನೋಡಲು ಬಂದ ಬೀಗರು ಉಪ್ಪಿಟ್ಟು ಬಾಯಿಗಿಟ್ಟುಕೊಳ್ಳುವ ಮೊದಲೇ, "ಉಪ್ಪು ಹೆಚ್ಚಾಗೈತ್ರಿ, ನಾನ ಮಾಡಿದ್ದು" ಎಂದುಬಿಟ್ಟಿದ್ದಳು. ತಾಯಿ ತಲೆ ಚಚ್ಚಿಕೊಂಡಳು. ಹುಡುಗ ಹಾಲೇಶ ಮಾತ್ರ ನಕ್ಕು, ತಟ್ಟೆ ಖಾಲಿ ಮಾಡಿ, ಇವಳೇ ಆಗಬೇಕು ಎಂದ. ಹಾಗೆ ಗಿಣಿಗೇರಾದ ಸೊಸೆಯಾದಳು.

ಹಾಲೇಶನಿಗೆ ಅಲ್ಲಿಯ ಕಬ್ಬಿಣದ ಫ್ಯಾಕ್ಟರಿಯಲ್ಲಿ ಪಾಳಿ ಕೆಲಸ. ಗಿಣಿಗೇರಾದಲ್ಲಿ ಬೆಳಿಗ್ಗೆ ಒರೆಸಿದ ಕಟ್ಟೆ ಮಧ್ಯಾಹ್ನಕ್ಕೆ ಕಪ್ಪಾಗುತ್ತದೆ. ಧೂಳಿನಲ್ಲಿ ಕಬ್ಬಿಣದ ಪುಡಿ, ಫೋನಿನ ಸ್ಪೀಕರಿನೊಳಗೆ ಅಯಸ್ಕಾಂತ. ಎರಡೂ ಒಂದನ್ನೊಂದು ಬಿಟ್ಟಿರಲಾರವು. ಮದುವೆಯಲ್ಲಿ ತವರಿನವರು ಕೊಟ್ಟ ಫೋನು ವರ್ಷ ತುಂಬುವುದರೊಳಗೆ ಮೂಕವಾಯಿತು. ಕೊಪ್ಪಳದ ಅಂಗಡಿಯವನು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ನೀವು ಬಳಸೋದು ಬರೋಬ್ಬರಿ ಇಲ್ರಿ ಅಕ್ಕಾರ" ಎಂದ.

ಆ ಮಾತು ಅವಳನ್ನು ಕೆಂಡದಂತೆ ಸುಟ್ಟಿತು. ಮನೆಗೆ ಬಂದು ಇಂಟರ್ನೆಟ್ಟಿನಲ್ಲಿ ಫೋನುಗಳ ಬಗ್ಗೆ ಹೇಳುವವರನ್ನೆಲ್ಲ ನೋಡಿದಳು. ಎಲ್ಲರೂ ತಣ್ಣನೆಯ ಕೋಣೆಯಲ್ಲಿ ಕೂತವರು, ಕಂಪನಿ ಕಳಿಸಿದ ಫೋನು ಹಿಡಿದು ಹೊಗಳುವವರು. ಜೋಳದ ಹಿಟ್ಟಿನ ಕೈಯಲ್ಲಿ ಫೋನ್ ಎತ್ತಿದವರು ಒಬ್ಬರೂ ಇರಲಿಲ್ಲ. "ನಾನ ಬರೀತೀನಿ" ಎಂದಳು. ಹಾಲೇಶನ ಹಳೆಯ ಲ್ಯಾಪ್‌ಟಾಪಿನಲ್ಲಿ ತಾನೇ ಕಲಿತು ಜಾಲತಾಣವೊಂದನ್ನು ಕಟ್ಟಿದಳು. 'ಕೊಂಡವರ ಮಾತು' ಎಂದು ಹೆಸರಿಟ್ಟಳು.

ಅವಳ ಪದ್ಧತಿಯೇ ಬೇರೆ. ಕಂಪನಿಯ ಫೋನು ಮುಟ್ಟುವುದಿಲ್ಲ, ಅಂಗಡಿಯದೂ ಮುಟ್ಟುವುದಿಲ್ಲ. ಓಣಿಯಲ್ಲಿ ಯಾರಾದರೂ ಹೊಸದು ಕೊಂಡರೆ ತನ್ನ ಫೋನನ್ನು ಅವರಿಗೆ ಕೊಟ್ಟು, ಅವರದನ್ನು ಒಂದು ವಾರ ಈಸಿಕೊಳ್ಳುವುದು. ಪಕ್ಕದ ಮನೆಯ ಕಾಸೀಮಬೀ ಹೀಗೆ ಕೊಟ್ಟೂ ಕೊಟ್ಟೂ ಫೋನುಗಳ ಬಗ್ಗೆ ಇವಳಿಗಿಂತ ಹೆಚ್ಚು ಮಾತಾಡುವಂತಾಗಿದ್ದಳು. ಹಿಟ್ಟು ಮೆತ್ತಿದ ಬೆರಳಿಗೆ ಬೀಗ ತೆರೆಯುತ್ತದೆಯೇ, ಗಂಡನ ಬೈಕಿನ ಹಿಂದೆ ಕೂತರೆ ಮಾತು ಕೇಳುತ್ತದೆಯೇ, ಗಂಗಾವತಿ ಕಡೆಯ ಸಿದ್ದಾಪುರದ ಭತ್ತದ ಗದ್ದೆಯ ಬಿಸಿಲಲ್ಲಿ ಅಕ್ಷರ ಕಾಣುತ್ತದೆಯೇ, ಇವೇ ಅವಳ ಪರೀಕ್ಷೆಗಳು. ಕೊರೊನಾ ಕಾಲದಲ್ಲಿ ಮಕ್ಕಳ ಪಾಠಕ್ಕೆಂದು ಜನ ಲ್ಯಾಪ್‌ಟಾಪಿಗೆ ಮುಗಿಬಿದ್ದಾಗ, ಕರೆಂಟು ಹೋದ ಮೇಲೆ ಯಾವುದು ಎಷ್ಟು ಹೊತ್ತು ಉಸಿರು ಹಿಡಿಯುತ್ತದೆ ಎಂದೂ ಬರೆದಳು. ಎಲ್ಲ ಪಾಸಾದರೆ ಕೊನೆಯಲ್ಲಿ 'ಅಡ್ಡಿಯಿಲ್ಲ' ಎಂದೊಂದು ಮಾತು. ಅದಕ್ಕಿಂತ ಮೇಲಿನ ಹೊಗಳಿಕೆ ಅವಳ ಬಾಯಿಂದ ಹಾಲೇಶನಿಗೂ ಸಿಕ್ಕಿರಲಿಲ್ಲ. ಯಲಬುರ್ಗಾ, ಗಂಗಾವತಿಯ ಕಡೆಯವರೂ ಫೋನು ಕೊಳ್ಳುವ ಮೊದಲು "ವಾಣಿ ಏನ್ ಬರದಾಳ ನೋಡ್ರಿ" ಎನ್ನತೊಡಗಿದರು.

ಹೀಗಿರುವಾಗ ಒಂದು ಹೊಸ ಫೋನು ಬಂತು. ಕಿವಿಗಿಟ್ಟರೆ ಪರದೆ ಆರಬೇಕು, ಆರುತ್ತಿರಲಿಲ್ಲ. ಕೆನ್ನೆ ತಾಗಿದೊಡನೆ ಕರೆ ತಾನೇ ಕಟ್ಟಾಗುತ್ತಿತ್ತು. ಕಾಸೀಮಬೀ ಕೊಂಡ ಆ ಫೋನನ್ನು ವಾರವಿಡೀ ಬಳಸಿ ರೋಸಿಹೋದ ವಾಣಿಶ್ರೀ ಬರೆದಳು: "ನಾವು ಮಾತು ಮುಗಿಸೋದರೊಳಗ ತಾನ ಮುಗಿಸ್ತೈತಿ. ಯಾರ ಜೋಡಿ ಎಷ್ಟು ಮಾತಾಡ್ಬೇಕಂತ ಅದಕ್ಕ ಗೊತ್ತೈತಿ. ಭಾಳ ಶಾಣ್ಯಾ ಫೋನ್ ಐತ್ರಿ ಇದು!"

ಶಾಣ್ಯಾ ಎಂದರೆ ಜಾಣ, ನಿಜ. ಆದರೆ ನಮ್ಮ ಕಡೆ ಯಾರಾದರೂ ನಿಮಗೆ "ಭಾಳ ಶಾಣ್ಯಾ ಅದೀ ಬಿಡಪಾ" ಎಂದರೆ ಹಿಗ್ಗಬೇಡಿ, ಜಾಗ ಖಾಲಿ ಮಾಡಿ. ಬೆಂಗಳೂರಿನ ಜಾಹೀರಾತಿನವರಿಗೆ ಇದು ಎಲ್ಲಿಂದ ತಿಳಿಯಬೇಕು? ಸ್ಮಾರ್ಟ್ ಫೋನಿಗೆ ಎಂಥ ಸೊಗಸಾದ ದೇಸಿ ಮಾತು ಸಿಕ್ಕಿತು ಎಂದು ಕುಣಿದಾಡಿರಬೇಕು. ಹೇಳದೆ ಕೇಳದೆ ಆ ಕೊನೆಯ ಸಾಲೊಂದನ್ನೇ ಕತ್ತರಿಸಿ, ಕೆಳಗೆ ಅವಳ ಜಾಲತಾಣದ ಹೆಸರು ಹಾಕಿ, ಕೊಪ್ಪಳದಿಂದ ಕುಷ್ಟಗಿಯವರೆಗೆ ಫ್ಲೆಕ್ಸು ಕಟ್ಟಿಬಿಟ್ಟರು.

ಪೂರ್ತಿ ಓದಿದವರು ಬಿದ್ದುಬಿದ್ದು ನಕ್ಕರು. ಫ್ಲೆಕ್ಸು ಮಾತ್ರ ನೋಡಿದವರು ಎರಡು ಮಾತಾಡಿದರು: ಫೋನು ಚೆನ್ನಾಗಿರಬೇಕು ಎಂದು ಕೆಲವರು, ಇವಳೂ ಮಾರಿಕೊಂಡಳು ಎಂದು ಉಳಿದವರು. ಎರಡನೆಯ ಮಾತು ಕೇಳಿದ ದಿನ ವಾಣಿಶ್ರೀಗೆ ಅನ್ನ ಸೇರಲಿಲ್ಲ. ಅವಳು ಗಳಿಸಿದ್ದು ಒಂದೇ, ಜನರ ನಂಬಿಕೆ. ಅದನ್ನೇ ಯಾರೋ ಬೀದಿಗೆ ಕಟ್ಟಿ ತೂಗುಹಾಕಿದ್ದರು.

ಆ ಹೊಗಳಿಕೆ ತನ್ನದಲ್ಲ ಎಂದು ಬರೆಯಲು ಕೂತಳು. ಅಷ್ಟರಲ್ಲಿ ಅಣ್ಣ ಯಂಕೇಶ ಬಂದ. ಅವನದು ಕುಷ್ಟಗಿಯಲ್ಲಿ ಮೊಬೈಲ್ ಅಂಗಡಿ. ಅದೇ ಕಂಪನಿ ಅವನ ಅಂಗಡಿಗೆ ದೊಡ್ಡ ದೀಪದ ಬೋರ್ಡು ಹಾಕಿ, ತಾಲ್ಲೂಕಿನ ಮಾರಾಟವನ್ನೆಲ್ಲ ಅವನಿಗೇ ಕೊಡುವುದಾಗಿ ಹೇಳಿತ್ತು.

"ಸುಳ್ಳು ಬರಿ ಅನ್ನಾಕತ್ತಿಲ್ಲ ತಂಗಿ. ಸುಮ್ಮನಿರು, ಅಷ್ಟ. ಬರದದ್ದು ನೀನ ಅಲ್ಲೇನು?"

"ಬರದದ್ದು ನಾನ. ಅರ್ಥ ಅವರದ."

"ರವಿವಾರ ಬೋರ್ಡ್ ಹಾಕ್ತಾರ. ನೀ ಬಂದು ದೀಪ ಹಚ್ಚಬೇಕಂತ. ನನ್ನ ಹೊಟ್ಟಿ ಮ್ಯಾಲೆ ಹೊಡೀಬ್ಯಾಡವ್ವಾ."

ಅಣ್ಣ ಹೀಗೆ ಬೇಡಿದ್ದನ್ನು ಅವಳು ಎಂದೂ ಕಂಡಿರಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿದಳು. ಮುಚ್ಚಿದ್ದಕ್ಕೆ ತನ್ನ ಬಗ್ಗೆಯೇ ಅಸಹ್ಯಪಟ್ಟಳು.

ರವಿವಾರ ಕುಷ್ಟಗಿಯ ಅಂಗಡಿಯ ಮುಂದೆ ಶಾಮಿಯಾನ, ಮೈಕು, ಪೇಢೆ. ಕಂಪನಿಯ ಮ್ಯಾನೇಜರು ಕೈಮುಗಿದು ಸ್ವಾಗತಿಸಿದ. ವಾಣಿಶ್ರೀ ದೀಪ ಹಚ್ಚುವುದರಲ್ಲಿದ್ದಳು, ಆಗ ಜನರ ನಡುವಿನಿಂದ ಯಾರೋ ಸೆರಗು ಜಗ್ಗಿದರು. ನೋಡಿದರೆ ತವರಿನ ಓಣಿಯ ಕರಿಯವ್ವ. ಕೈಯಲ್ಲಿ ಅದೇ ಫೋನು.

"ವಾಣೀ, ನೀ ಬರದೀ ಅಂತ ನಿಮ್ಮಣ್ಣನ ಅಂಗಡ್ಯಾಗನ ತಗೊಂಡ್ನೆವ್ವಾ. ಗಂಗಾವತ್ಯಾಗ ಮಗಳು ಬಾಣಂತಿ ಅದಾಳ. ಮಾತಾಡೂದ್ರಾಗ ತಾನ ಕಟ್ ಆಕೈತಿ. ಅವ್ವ ಸಿಟ್ಟಿಲೆ ಕಟ್ ಮಾಡ್ತಾಳಂತ ತಿಳಕೊಂಡು ಈಗ ಆಕಿ ಫೋನ್ ಎತ್ತವಲ್ಲಳು. ನನಗ ಹಿಡಿಯಾಕ ಬರವಲ್ದೇನೋ, ನೋಡು."

ನನಗ ಹಿಡಿಯಾಕ ಬರವಲ್ದೇನೋ. ಕೊಪ್ಪಳದ ಅಂಗಡಿಯವನು ತನಗೆ ಅಂದದ್ದೂ ಇದೇ ಅಲ್ಲವೇ? ಕೈಯಲ್ಲಿದ್ದ ಮೇಣದಬತ್ತಿಯನ್ನು ವಾಣಿಶ್ರೀ ಊದಿ ಆರಿಸಿದಳು. ನೇರ ಮೈಕಿನ ಹತ್ತಿರ ಹೋದಳು.

"ನಾನು ಬರದದ್ದನ್ನ ಇವರು ಫ್ಲೆಕ್ಸ್‌ದಾಗ ಹಾಕ್ಯಾರ. ನಾನು ಹೆಂಗ ಅಂದಿದ್ನೋ ಹಂಗ ಒಮ್ಮೆ ಅಂದು ತೋರಸ್ತೀನಿ, ಕೇಳ್ರಿ." ಸೊಂಟಕ್ಕೆ ಕೈಯಿಟ್ಟು, ತಲೆ ಓರೆ ಮಾಡಿ, ರಾಗ ಎಳೆದು ಅಂದಳು: "ಭಾ...ಳ ಶಾಣ್ಯಾ ಫೋನ್ ಐತ್ರಿ ಇದು!"

ಶಾಮಿಯಾನ ಹಾರಿಹೋಗುವಂತೆ ಜನ ನಕ್ಕರು. ಏನೆಂದು ತಿಳಿಯದ ಮ್ಯಾನೇಜರೂ ನಕ್ಕು ಚಪ್ಪಾಳೆ ಹೊಡೆದ. ಅದನ್ನು ನೋಡಿ ಜನ ಇನ್ನೂ ನಕ್ಕರು. ವಾಣಿಶ್ರೀ ಮಾತ್ರ ನಗಲಿಲ್ಲ.

"ತಿಳೀದವರ ಸಲುವಾಗಿ ಸೀದಾ ಹೇಳ್ತೀನಿ. ಈ ಫೋನ್ ತಗೋಬ್ಯಾಡ್ರಿ."

ಮ್ಯಾನೇಜರಿನ ಮುಖ ಇಳಿಯಿತು. ಓಡಿಬಂದು ಮೈಕಿಗೆ ಕೈ ಅಡ್ಡ ಹಿಡಿದು, "ಮೇಡಂ, ನೀವು ಟೆಸ್ಟ್ ಮಾಡಿದ್ದು ಗಿಣಿಗೇರಾದಲ್ಲಿ. ಅದು ನಿಮ್ಮೂರಿನ ಧೂಳಿನ ತೊಂದರೆ, ಫೋನಿನದಲ್ಲ" ಎಂದ.

"ಈ ಕಾಕಿ ಹನುಮಸಾಗರದಾಕಿ. ಆಕಿ ಫೋನ್ ಗಿಣಿಗೇರಾದ ಮಾರಿನ ನೋಡಿಲ್ರಿ. ಅಲ್ಲಿ ಯಾವ ಧೂಳು?"

ಅವನು ದನಿ ತಗ್ಗಿಸಿದ. "ನಿಮ್ಮ ಅಣ್ಣನ ಅಂಗಡಿ ಇದು. ಅದನ್ನಾದರೂ ಯೋಚನೆ ಮಾಡಿ."

"ಅಣ್ಣನ ಅಂಗಡಿ ಅಂತನ ಹೇಳಾಕತ್ತೀನ್ರಿ. ನೀವು ನಾಳೆ ಬೆಂಗಳೂರಾಗ ಇರ್ತೀರಿ. ಕೊಂಡವರು ಬಂದು ಕೊರಳಪಟ್ಟಿ ಹಿಡಿಯೂದು ಅವನ್ದು."

ಸಂಜೆಯೊಳಗೆ ಕಂಪನಿಯ ಹುಡುಗರು ಬೋರ್ಡು ಬಿಚ್ಚಿಕೊಂಡು ಹೋದರು. ಶಾಮಿಯಾನದವರು ಕಂಬ ಕೀಳುತ್ತಿದ್ದರು. ಯಂಕೇಶ ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದ. "ಸಮಾಧಾನ ಆತೇನವ್ವಾ?" ಎಂದ.

"ಇಲ್ಲಣ್ಣಾ" ಎಂದಳು. ನಿಜವಾಗಿಯೂ ಆಗಿರಲಿಲ್ಲ. ಕಣ್ಣು ತುಂಬಿ ಬಂತು. ಆದರೂ, "ನಾಳೆ ಹಿಂಗ ಆದ್ರ ನಾಳೆನೂ ಹಿಂಗ ಹೇಳ್ತೀನಿ" ಎಂದಳು.

ಕರಿಯವ್ವ ಕೊನೆಯ ಬಸ್ಸಿನ ಚಿಂತೆಯಲ್ಲಿ ಇನ್ನೂ ಅಲ್ಲೇ ನಿಂತಿದ್ದಳು. ಯಂಕೇಶ ಎದ್ದು ಒಳಗೆ ಹೋದ, ಕಪಾಟಿನಿಂದ ಬೇರೆ ಕಂಪನಿಯ ಫೋನೊಂದನ್ನು ತೆಗೆದ. "ಇಲ್ಲೆ ತಾ ಕಾಕಿ ಅದನ್ನ" ಎಂದು ಅವಳ ಫೋನು ಈಸಿಕೊಂಡು, ಸಿಮ್ಮು ತೆಗೆದು ಹೊಸದಕ್ಕೆ ಹಾಕಿದ. ಗಂಗಾವತಿಯ ಮಗಳಿಗೆ ತಾನೇ ಕರೆ ಹಚ್ಚಿ, "ನಿಮ್ಮವ್ವ ಕಟ್ ಮಾಡಿಲ್ಲವ್ವಾ, ನಾ ಕೊಟ್ಟ ಫೋನ್ ಕೆಟ್ಟಿತ್ತು" ಎಂದು ಹೇಳಿ ಕರಿಯವ್ವನ ಕೈಗೆ ಕೊಟ್ಟ.

ತಂಗಿಯ ಮುಖವನ್ನು ಮಾತ್ರ ಅವನು ನೋಡಲಿಲ್ಲ.