ಬೀರುವಿನಲ್ಲಿ ಉಳಿದ ಆರು ಜೊತೆ ಗವಸು

ನಿವೃತ್ತಿಗೆ ಎರಡು ವರ್ಷ ಉಳಿದಿದ್ದಾಗ ನಾನು ಜಗಳೂರು ತಾಲ್ಲೂಕಿನಲ್ಲಿ ಕುಷ್ಠರೋಗ ಮೇಲ್ವಿಚಾರಕನಾಗಿದ್ದೆ. ಈ ರೋಗ ಮಾತ್ರೆಯಿಂದ ವಾಸಿಯಾಗುತ್ತದೆ. ಆದರೆ ಅಷ್ಟರೊಳಗೆ ನರ ಸತ್ತಿದ್ದರೆ ಸ್ಪರ್ಶ ಮರಳುವುದಿಲ್ಲ. ಚಳಿಗೆ ಒಲೆಯ ಮುಂದೆ ಕೂತವರಿಗೆ ಕೈ ಸುಟ್ಟದ್ದೇ ತಿಳಿಯದು.

ಬೆಂಕಿಯ ಕಾವು ಅಂಥ ಕೈಗೆ ನೇರ ತಾಗದಿರಲೆಂದು, ಆ ಚಳಿಗಾಲ ಪರಿಚಯದ ಬಟ್ಟೆ ವ್ಯಾಪಾರಿಯೊಬ್ಬರಿಂದ ನಲವತ್ತು ಜೊತೆ ಉಣ್ಣೆಯ ಕೈಗವಸು ದಾನ ಪಡೆದು, ವಾಸಿಯಾದವರಿಗೆ ಹಂಚಿ, ಫೋಟೊ ತೆಗೆಸಿಕೊಂಡೆ. ವಾರದ ನಂತರ, ನ್ಯಾಮತಿಯಿಂದ ವರ್ಗವಾಗಿ ಬಂದಿದ್ದ ನರ್ಸ್ ಸವಿತಾ ಬಿಳಿಚೋಡು ಕಡೆ ಸುತ್ತಿ ಬಂದಳು.

"ಸಾರ್, ಯಾರೂ ಹಾಕ್ಕೊಂಡಿಲ್ಲ. ಬೆರಳು ಮಡಚಿ ಹೋದೋರಿಗೆ ಐದು ಬೆರಳಿನ ಗವಸು ಹೆಂಗೆ ಹಾಕ್ಕೊಳ್ಳಾಕೆ ಆಗ್ತೈತೆ?"

ಇಪ್ಪತ್ತೆಂಟು ವರ್ಷ ಅದೇ ಕೈಗಳನ್ನು ಪರೀಕ್ಷಿಸಿದ್ದ ನನಗೆ ಅದು ಹೊಳೆದಿರಲಿಲ್ಲ.

ಸವಿತಾ ಮನೆಮನೆಗೆ ಕೇಳಿ ಹಳೆಯ ಕಂಬಳಿ ಸಂಗ್ರಹಿಸಿದಳು. ಹೆಬ್ಬೆರಳಿಗೊಂದು ಗೂಡು, ಉಳಿದ ನಾಲ್ಕಕ್ಕೂ ಸೇರಿ ಒಂದೇ ಅಗಲ ಚೀಲ, ಹಾಗೆ ಗವಸು ಹೊಲಿದಳು. ತಿಂಗಳ ಸಭೆಯಲ್ಲಿ ವೈದ್ಯಾಧಿಕಾರಿಗಳು ಅದನ್ನು ಎತ್ತಿ ತೋರಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ನನ್ನ ಸರ್ವಿಸಿನಲ್ಲಿ ಒಂದು ದಿನವೂ ನನಗಾಗಿ ಆ ಸದ್ದು ಎದ್ದಿರಲಿಲ್ಲ. ಮನೆಗೆ ಹೋದರೂ ಊಟ ಸೇರಲಿಲ್ಲ.

ಮರುದಿನ ಅವಳು ಆರು ಜೊತೆ ನನ್ನ ಕೈಗಿಟ್ಟು, "ಬಿಳಿಚೋಡಿಗೆ ಹೊಂಟೀರಲ್ಲ, ಕೊಟ್ಟು ಬರ್ರಿ ಸಾರ್" ಎಂದಳು. ನಾನು ಅವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ ಬೈಕ್ ಹತ್ತಿದೆ. ಸಂಜೆ ಕೇಳಿದಾಗ "ಕೊಟ್ಟೆ ಕಣಮ್ಮ" ಎಂದೆ.

ಐದನೆಯ ದಿನ ಬಿಳಿಚೋಡಿನ ಗಂಗಜ್ಜಿಯನ್ನು ಮಗಳು ಆಸ್ಪತ್ರೆಗೆ ಕರೆತಂದಳು. ಬಲಗೈಯ ಎರಡು ಬೆರಳು ಸುಟ್ಟು ಬೊಬ್ಬೆ ಒಡೆದಿದ್ದವು.

"ಗವಸು ಹಾಕ್ಕೊಂಡಿರಲಿಲ್ವಾ ಅಜ್ಜಿ?" ಸವಿತಾ ಕೇಳಿದಳು.

"ಯಾವ ಗವಸು ತಾಯಿ? ಚಳಿ ತಡೀಲಿಲ್ಲ, ಒಲೆ ಮುಂದೆ ಕುಂತಿದ್ದೆ."

ಸವಿತಾ ನನ್ನ ಕಡೆ ತಿರುಗಿದಳು. ನಾನು ಎದ್ದು ಬೀರು ತೆರೆದೆ. ಆರು ಜೊತೆಯೂ ಅವಳ ಮುಂದಿಟ್ಟು, "ಹೊಟ್ಟೆಕಿಚ್ಚಿಗೆ ಇಟ್ಕೊಂಡಿದ್ದೆ" ಎಂದೆ.

ಬೈದಿದ್ದರೆ ಹಗುರಾಗುತ್ತಿತ್ತು. "ಡ್ರೆಸಿಂಗ್ ಟ್ರೇ ಕೊಡ್ರಿ ಸಾರ್" ಎಂದಳು, ಅಷ್ಟೇ.

ಅಜ್ಜಿಯದು ಬಿಟ್ಟು ಉಳಿದ ಐದು ಜೊತೆಯನ್ನು ಅವತ್ತೇ ಮನೆಮನೆಗೆ ಮುಟ್ಟಿಸಿದೆ. ಒಂದೂವರೆ ತಿಂಗಳು ದಿನ ಬಿಟ್ಟು ದಿನ ಹೋಗಿ ಅಜ್ಜಿಯ ಗಾಯ ಕಟ್ಟಿದೆ. ಬೆರಳು ಉಳಿದವು. ಕೊನೆಯ ದಿನ ಗವಸು ತೊಡಿಸುವಾಗ ಅಜ್ಜಿ, "ಸರಿಯಾಗಿ ಕುಂತೈತೆ. ನೀವೇ ಹೊಲಿಸಿದ್ದೇನ್ರಿ?" ಎಂದಳು.

ಹೌದು ಎನ್ನುವ ಆಸೆ ಆಗಲೂ ನಾಲಿಗೆಯ ತುದಿಗೆ ಬಂತು. "ಇಲ್ಲಜ್ಜಿ, ನಮ್ಮ ಸವಿತಾ ಹೊಲಿದಿದ್ದು" ಎಂದೆ.

ಹೊಟ್ಟೆಕಿಚ್ಚು ವಾಸಿಯಾಗುವುದನ್ನು ನಾನು ಕಂಡಿಲ್ಲ. ಅದು ಇದ್ದಾಗಲೂ ರೋಗಿಗೆ ಸೇರಬೇಕಾದದ್ದನ್ನು ಅವತ್ತೇ ಸೇರಿಸಬೇಕು. ನನ್ನ ಕೆಲಸ ನನಗೆ ತಡವಾಗಿ ಕಲಿಸಿದ್ದು ಇಷ್ಟು.