ಅತ್ತೆಯ ಟಿ.ವಿ.ಯಲ್ಲಿ ನನ್ನ ಕೈಪಿಡಿ

ನಮ್ಮ ಸೋದರತ್ತೆಯ ಬೆರಳ ತುದಿಗಳಲ್ಲಿ ಗೆರೆಗಳೇ ಇರಲಿಲ್ಲ. ನಲವತ್ತು ವರ್ಷ ಹಿಪ್ಪುನೇರಳೆ ಸೊಪ್ಪು ಕೊಯ್ದು, ರೇಷ್ಮೆಹುಳುವಿನ ಹಾಸಿಗೆಗೆ ಸುಣ್ಣದ ಪುಡಿ ಉದುರಿಸಿ ಅವು ನುಣ್ಣಗೆ ಸವೆದುಹೋಗಿದ್ದವು. ರೇಷನ್ ಅಂಗಡಿಯ ಹೆಬ್ಬೆಟ್ಟಿನ ಯಂತ್ರ ಪ್ರತಿ ತಿಂಗಳೂ ಅವರನ್ನು ಒಪ್ಪಿಕೊಳ್ಳಲು ಸತಾಯಿಸುತ್ತಿತ್ತು. ಅತ್ತೆ ಬೆರಳನ್ನು ಸೆರಗಿಗೆ ಒರೆಸಿ ಮತ್ತೆ ಒತ್ತಿ, "ನಾನೇ ಕಣಪ್ಪ, ಬೇರೆ ಯಾರೂ ಅಲ್ಲ" ಎಂದು ಯಂತ್ರಕ್ಕೇ ಸಮಾಧಾನ ಹೇಳುತ್ತಿದ್ದರು.

ಶಿಡ್ಲಘಟ್ಟದಿಂದ ಆರು ಮೈಲಿಯಾಚೆ ಅವರ ಊರು. ತೋಟ ಮಾವನದು, ಹುಳು ಮನೆ ಅತ್ತೆಯದು. ಕಾಲು ತೊಳೆಯದೆ ಒಳಗೆ ಬಂದರೆ ಮಾವನನ್ನೂ ಹೊರಗೆ ಅಟ್ಟುತ್ತಿದ್ದರು. ಮನುಷ್ಯರ ಜೊತೆ ಕನ್ನಡ, ಹುಳುಗಳ ಜೊತೆ ತೆಲುಗು. ಸಾಕಣೆ ಕಲಿಸಿದ ಅವರ ಅತ್ತೆಯದು ಚಿಂತಾಮಣಿ ಆಚೆಯ ತೆಲುಗಿನ ಮನೆ. "ತಿನಂಡಿ ನಾಯನಾ, ತಿನಂಡಿ" ಎನ್ನುತ್ತ ಸೊಪ್ಪು ಹರಡುತ್ತಿದ್ದರು.

ನಾನು ಅಲ್ಲಿಗೆ ಹೋದದ್ದು ಒಂದು ಪುಸ್ತಕ ಬರೆಯಲು. ಕನ್ನಡ ಎಂ.ಎ. ಮುಗಿಸಿ ಚಿಕ್ಕಬಳ್ಳಾಪುರದಲ್ಲಿ, ರೈತರಿಗೆ ತರಬೇತಿ ಕೊಡುವ ಒಂದು ಸಂಸ್ಥೆಯಲ್ಲಿ ತಾತ್ಕಾಲಿಕ ಕೆಲಸಕ್ಕೆ ಸೇರಿದ್ದೆ. ಹೊಸದಾಗಿ ಹುಳು ಸಾಕುವವರಿಗೆ ಒಂದು ಕೈಪಿಡಿ ಮಾಡಿಕೊಡಬೇಕು, ಅದು ಒಪ್ಪಿಗೆಯಾದರೆ ಕೆಲಸ ಕಾಯಂ. ವಿಷಯವನ್ನು ಇಂಗ್ಲಿಷಿನಲ್ಲಿ ಅಲ್ಲಿನ ವಿಜ್ಞಾನಿಗಳೇ ಬರೆದುಕೊಟ್ಟಿದ್ದರು, ಕನ್ನಡಕ್ಕೆ ತರುವುದು ನನ್ನ ಕೆಲಸ. ಜೀವಮಾನದಲ್ಲಿ ಒಂದು ಹುಳು ಮುಟ್ಟಿರಲಿಲ್ಲ, ಆದರೆ ನನ್ನ ಕನ್ನಡದ ಬಗ್ಗೆ ನನಗೆ ವಿಪರೀತ ಜಂಬ. ಯಾರಾದರೂ ಹತ್ತಿರ ಬಂದರೆ ಲ್ಯಾಪ್‌ಟಾಪಿನ ಮುಚ್ಚಳ ಹಾಕಿಬಿಡುತ್ತಿದ್ದೆ. ಅತ್ತೆ ಎರಡು ಸಲ ಬಗ್ಗಿ ನೋಡಿ, "ಎಳ್ಳು ಚೆಲ್ಲಿದಂಗೈತೆ, ನನ್ ಕಣ್ಣಿಗೆ ಕಾಣಲ್ಲ ಬಿಡು" ಎಂದು ಹೋಗಿದ್ದರು.

ಸೋಮವಾರ ಕೈಪಿಡಿ ಕಳಿಸಬೇಕು, ಅದರ ಹಿಂದಿನ ಬುಧವಾರ ಅನಾಹುತ. ಜಗಲಿಯ ಗೋಡೆಗೆ ನಾಲ್ಕು ಚಂದ್ರಿಕೆಗಳನ್ನು ಒರಗಿಸಿದ್ದರು. ಹುಳು ಗೂಡು ಕಟ್ಟಲು ಬಿಡುವ ಆಳೆತ್ತರದ ಬಿದಿರಿನ ತಟ್ಟಿಗಳು ಅವು. ಫೋನು ಬಂತೆಂದು ನಾನು ಎದ್ದ ರಭಸಕ್ಕೆ ಚಾರ್ಜರಿನ ವೈರು ಒಂದರ ಬುಡಕ್ಕೆ ಸಿಕ್ಕಿ, ನಾಲ್ಕೂ ಒಟ್ಟಿಗೆ ಲ್ಯಾಪ್‌ಟಾಪಿನ ಮೇಲೆ ಬಿದ್ದವು. ಪರದೆ ಬಿರಿದು ಮಸಿ ಚೆಲ್ಲಿದ ಹಾಗೆ ಕಪ್ಪಾಯಿತು.

ಅತ್ತೆ ಬಂದು ಲ್ಯಾಪ್‌ಟಾಪಿಗೆ ಕಿವಿಯಿಟ್ಟು ಕೇಳಿದರು. ಒಳಗೆ ಫ್ಯಾನು ತಿರುಗುತ್ತಿತ್ತು.

"ಉಸಿರಾಡ್ತೈತೆ ಕಣಮ್ಮ. ಕಣ್ಣು ಹೋಗೈತೆ, ಜೀವ ಹೋಗಿಲ್ಲ."

ಶಿಡ್ಲಘಟ್ಟದ ರಿಪೇರಿ ಅಂಗಡಿಯವನೂ ಅದನ್ನೇ ಬೇರೆ ಮಾತಲ್ಲಿ ಹೇಳಿದ. ಹೊಸ ಪರದೆ ಬೆಂಗಳೂರಿಂದ ಬರಲು ಹತ್ತು ದಿನ, ಅಲ್ಲಿಯವರೆಗೆ ಮನೆಯ ಟಿ.ವಿ.ಗೆ ಸಿಕ್ಕಿಸಿಕೊಳ್ಳಿ ಎಂದು ಒಂದು ಕೇಬಲ್ ಕೊಟ್ಟ. ಮನೆಯಲ್ಲಿದ್ದದ್ದು ಒಂದೇ ಟಿ.ವಿ., ಅದರಲ್ಲಿ ಅತ್ತೆಯ ಧಾರಾವಾಹಿ.

"ಸೀರಿಯಲ್ ಹೋಗುತ್ತಲ್ಲ ಅತ್ತೆ" ಎಂದೆ.

"ಆ ಸೊಸೆ ಆಸ್ಪತ್ರೇಲಿ ಮಲ್ಗಿ ಆರು ತಿಂಗ್ಳಾಯ್ತು. ಇನ್ನೂ ನಾಲ್ಕು ದಿನ ಮಲ್ಗಿರ್ಲಿ. ನೀನು ಕೆಲ್ಸ ನೋಡ್ಕೋ."

ಕೇಬಲ್ ಸಿಕ್ಕಿಸಿದರೆ ಟಿ.ವಿ.ಯಲ್ಲಿ ಬರೀ ನೀಲಿ ಬಣ್ಣ. ಒಡೆದ ಲ್ಯಾಪ್‌ಟಾಪಿಗೆ ತನ್ನ ಪರದೆ ಹೋದದ್ದು ಗೊತ್ತೇ ಇರುವುದಿಲ್ಲ. ಏನು ತೆರೆದರೂ ಆ ಕಪ್ಪು ಕಡೆಯಲ್ಲೇ ತೆರೆದುಕೊಂಡು ಕೂರುತ್ತದೆ. ಬರೆದದ್ದೆಲ್ಲ ಹೋಯಿತು ಎಂದು ನಾನು ಅಳುವುದೊಂದು ಬಾಕಿ. ಅತ್ತೆ, "ಕಾಣಲ್ಲ ಅಂದ್ರೆ ಇಲ್ಲ ಅಂತಲ್ಲ, ಅವನಿಗೊಂದು ಫೋನ್ ಮಾಡು" ಎಂದರು. ಅಂಗಡಿಯವನು ಎರಡು ಕೀಲಿ ಒಟ್ಟಿಗೆ ಒತ್ತಲು ಹೇಳಿದ. ಒತ್ತಿದೆ, ಇನ್ನೆರಡು ಸಲ ಒತ್ತಿದೆ. ನನ್ನ ಕೈಪಿಡಿಯ ಹನ್ನೆರಡನೇ ಪುಟ, ಗೋಡೆಯ ಟಿ.ವಿ.ಯಲ್ಲಿ, ಬೆಟ್ಟದಷ್ಟು ದೊಡ್ಡದಾಗಿ ಮೂಡಿತು.

ಇನ್ನು ಮುಚ್ಚಿಕೊಳ್ಳಲು ಮುಚ್ಚಳವೇ ಇರಲಿಲ್ಲ. ಎಳ್ಳಿನಷ್ಟಿದ್ದ ಅಕ್ಷರ ಅವರೆಕಾಳಿನಷ್ಟಾಗಿತ್ತು. ಏಳನೇ ಕ್ಲಾಸು ಓದಿದ್ದ ಅತ್ತೆ ಹುಳು ಮನೆಯಿಂದ ಬರುವಾಗ ಹೋಗುವಾಗ ಟಿ.ವಿ. ಮುಂದೆ ನಿಂತು, ಸಾಲಿನ ಕೆಳಗೆ ಬೆರಳಿಟ್ಟು ಗಟ್ಟಿಯಾಗಿ ಓದತೊಡಗಿದರು. ಬೆರಳು ಇಟ್ಟಲ್ಲೆಲ್ಲ ಸುಣ್ಣದ ಬಿಳಿ ಚುಕ್ಕೆ. ನನಗೆ ಮೈ ಉರಿಯುತ್ತಿತ್ತು, ಆದರೆ ಟಿ.ವಿ. ಅವರದು.

ಶುಕ್ರವಾರ ಬೆಳಿಗ್ಗೆ ಅವರ ಬೆರಳು ಒಂದು ಸಾಲಿನಲ್ಲಿ ನಿಂತಿತು.

"ಇದನ್ಯಾರಮ್ಮ ಬರ್ದಿದ್ದು?"

"ನಾನೇ ಅತ್ತೆ."

"ಜ್ವರಕ್ಕೆ ಕೂತಿರೋ ಹುಳಕ್ಕೆ ನಾಲ್ಕು ಹೊತ್ತು ಸೊಪ್ಪು ಹಾಕಿ ಅಂತ ಬರ್ದಿದೀಯಲ್ಲ."

ಹುಳು ಪೊರೆ ಕಳಚುವ ಮುಂಚೆ ತಿನ್ನುವುದು ಬಿಟ್ಟು, ತಲೆಯೆತ್ತಿ, ಒಂದು ದಿನ ಅಲುಗದೆ ಇರುತ್ತದೆ. ಅದನ್ನೇ ನಮ್ಮ ಕಡೆ ಜ್ವರ ಎನ್ನುವುದು. ಅಷ್ಟು ನನಗೂ ಗೊತ್ತಿತ್ತು. "ಇದು ವಿಜ್ಞಾನಿಗಳು ಹೇಳಿರೋದು ಅತ್ತೆ" ಎಂದೆ, ಸ್ವಲ್ಪ ಗತ್ತಿನಲ್ಲೇ.

ಅವರು ನನ್ನ ಮಣಿಕಟ್ಟು ಹಿಡಿದು ಹುಳು ಮನೆಗೆ ಕರೆದುಕೊಂಡು ಹೋದರು, ಬಾಗಿಲಲ್ಲಿ ಕಾಲು ತೊಳೆಸಿದರು. ಹಾಸಿಗೆಯ ತುಂಬ ಹುಳುಗಳು ತಲೆಯೆತ್ತಿ ನಿಂತಿದ್ದವು. ಸತ್ತಿವೆಯೇನೋ ಎಂದು ನಾನು ಮುಟ್ಟಲು ಹೋದಾಗ ಮತ್ತೆ ಮಣಿಕಟ್ಟು ಹಿಡಿದರು.

"ಸತ್ತಿಲ್ಲ, ಕೆಲ್ಸದಲ್ಲಿವೆ. ಈಗ ಸೊಪ್ಪು ಹಾಕಿದ್ರೆ ಮೊದ್ಲು ಎದ್ದಿದ್ದು ತಿಂತದೆ, ಏಳದೇ ಇರೋದು ಸೊಪ್ಪಿನಡಿ ಹೂತೋಗ್ತದೆ. ಒಂದೇ ಹಾಸಿಗೇಲಿ ದೊಡ್ಡದೊಂದು ಚಿಕ್ಕದೊಂದು. ಗೂಡು ಕಟ್ಟೋ ಹೊತ್ಗೆ ಬೆಳೆ ಎಕ್ಕುಟ್ಟೋಗ್ತದೆ. ಹೊಸಬ್ರು ನಿನ್ ಪುಸ್ತಕ ನಂಬ್ಕೊಂಡು ಸಾಕ್ತಾರೆ ಕಣೇ."

ಓಡಿಬಂದು ಮೂಲ ತೆಗೆದು ನೋಡಿದೆ. ವಿಜ್ಞಾನಿಗಳು ಸರಿಯಾಗಿಯೇ ಬರೆದಿದ್ದರು. ಓಟ ಚೆನ್ನಾಗಿರಲಿ ಎಂದು ವಾಕ್ಯಗಳನ್ನು ಹಿಂದೆ ಮುಂದೆ ಮಾಡಿದವಳು ನಾನು. ಜ್ವರಕ್ಕೆ ಮುಂಚಿನ ಸಾಲು ಜ್ವರದ ಕೆಳಗೆ ಹೋಗಿ ಕೂತಿತ್ತು. ಅದನ್ನು ಹತ್ತು ಸಲ ಓದಿದ್ದೆ, ಹತ್ತು ಸಲವೂ ನನ್ನ ಕನ್ನಡವನ್ನೇ ಮೆಚ್ಚಿಕೊಂಡಿದ್ದೆ.

ಅತ್ತೆ ಒಂದು ಮಾತೂ ಆಡಿಕೊಳ್ಳಲಿಲ್ಲ. "ಹೂಂ, ಮೊದ್ಲಿಂದ ಹಾಕು" ಎಂದರು. ಎರಡೂವರೆ ದಿನ, ಸೊಪ್ಪಿನ ಹೊತ್ತು ಬಿಟ್ಟು ಉಳಿದ ಹೊತ್ತೆಲ್ಲ, ಇಡೀ ಕೈಪಿಡಿಯನ್ನು ಬೆರಳಿಟ್ಟು ಓದಿದರು. ಇನ್ನೂ ಮೂರು ತಪ್ಪು ಸಿಕ್ಕವು. ಜ್ವರದ ಪುಟದಲ್ಲಿ ನನ್ನ ವಾಕ್ಯ ಅಳಿಸಿ ಅವರು ಹೇಳಿದ್ದನ್ನು ಬರೆದೆ: "ಜ್ವರಕ್ಕೆ ಕೂತ ಹುಳುವಿಗೆ ಸೊಪ್ಪು ಬೇಡ, ಮುಟ್ಟುವುದೂ ಬೇಡ. ಅದು ಸತ್ತಿಲ್ಲ, ಕೆಲಸದಲ್ಲಿದೆ." ನಲವತ್ತು ಪುಟದಲ್ಲಿ ಅಷ್ಟು ಒಳ್ಳೆಯ ಕನ್ನಡ ಬೇರೆಲ್ಲೂ ಇಲ್ಲ.

ಕೈಪಿಡಿ ಒಪ್ಪಿಗೆಯಾಯಿತು, ಕೆಲಸವೂ ಕಾಯಂ ಆಯಿತು. ಪುಸ್ತಕದಲ್ಲಿ ಅವರ ಹೆಸರು ಹಾಕಿಸುತ್ತೇನೆಂದರೆ, "ನನ್ ಹೆಸ್ರು ಓದಿ ಹುಳ ಬೆಳೀತದಾ?" ಎಂದು ಬಾಯಿ ಮುಚ್ಚಿಸಿದರು.

ಹೋದ ಆಷಾಢದಲ್ಲಿ ಅತ್ತೆ ತೀರಿಕೊಂಡರು. ಎದೆ ಹಿಡಿದುಕೊಂಡಂತಾಗುತ್ತದೆ ಎಂದು ಹುಳು ಮನೆಯ ಬಾಗಿಲಲ್ಲಿ ಕೂತವರು ಮೇಲೇಳಲಿಲ್ಲ. ನಾನು ಆ ಲ್ಯಾಪ್‌ಟಾಪಿಗೆ ಹೊಸ ಪರದೆಯನ್ನು ಇವತ್ತಿಗೂ ಹಾಕಿಸಿಲ್ಲ. ಆಫೀಸಿನಲ್ಲಿ ದೊಡ್ಡ ಮಾನಿಟರ್‌ಗೆ ಸಿಕ್ಕಿಸಿ, ದಾರಿಯಲ್ಲಿ ಹೋಗುವವರಿಗೂ ಕಾಣುವ ಹಾಗೆ ಇಟ್ಟು ಬರೆಯುತ್ತೇನೆ.

ಮೊನ್ನೆ ಚಿಂತಾಮಣಿ ಕಡೆಯ ಒಂದು ಹಳ್ಳಿಗೆ ತರಬೇತಿಗೆ ಹೋಗಿದ್ದೆ. ಹುಳು ಸಾಕಲು ಶುರುಮಾಡಿ ಒಂದು ವರ್ಷವೂ ಆಗದ ಹೆಣ್ಣುಮಗಳೊಬ್ಬಳ ಮನೆ. ಹಾಸಿಗೆ ಜ್ವರಕ್ಕೆ ಕೂತಿತ್ತು. ಎಲ್ಲರಿಗೂ ತೋರಿಸುವ ಭರದಲ್ಲಿ ಒಂದು ಹುಳು ಎತ್ತಲು ಕೈಚಾಚಿದೆ. ಆಕೆ ಫಕ್ಕನೆ ನನ್ನ ಮಣಿಕಟ್ಟು ಹಿಡಿದುಕೊಂಡಳು.

"ಮುಟ್ಬೇಡಿ ಮೇಡಂ. ಸತ್ತಿಲ್ಲ, ಕೆಲ್ಸದಲ್ಲಿವೆ. ಪುಸ್ತಕದಲ್ಲೇ ಐತಲ್ಲ, ನೀವು ಓದಿಲ್ವಾ?"

"ಓದಿದೀನಮ್ಮ" ಎಂದು ಕೈ ಹಿಂದಕ್ಕೆ ತೆಗೆದುಕೊಂಡೆ.