ಉಂಡ ಮೇಲೆ ಸಹಿ

ಹಲಗೇರಿಯ ಮೈಲಪ್ಪನ ಅಪ್ಪ ತೊಂಬತ್ತೇಳು ವರ್ಷ ಬದುಕಿದ್ದ. ಅಜ್ಜ ನೂರಾ ಎರಡು. ಮುತ್ತಜ್ಜನ ವಯಸ್ಸು ಮಾತ್ರ ಯಾರಿಗೂ ಗೊತ್ತಿಲ್ಲ. ಅದನ್ನು ಎಣಿಸುತ್ತಿದ್ದವರೆಲ್ಲ ಅವನಿಗಿಂತ ಮೊದಲೇ ಹೋಗಿಬಿಟ್ಟರಂತೆ.

ಈ ದೀರ್ಘಾಯುಷ್ಯವೇ ಮೈಲಪ್ಪನಿಗೆ ನಾಲ್ಕು ಎಕರೆ ಹೊಲಕ್ಕಿಂತ ದೊಡ್ಡ ಆಸ್ತಿಯಾಯಿತು. ಮೃತ್ಯುಪತ್ರಕ್ಕೆ ಇಬ್ಬರು ಸಾಕ್ಷಿಗಳು ಬೇಕು. ಬರೆಸಿದವನು ಸತ್ತ ಮೇಲೆ ಮಕ್ಕಳು ಕಚ್ಚಾಡಿಕೊಂಡು ಕೋರ್ಟಿಗೆ ಹೋದರೆ, "ಹೌದು, ನಾನು ಕಣ್ಣಾರೆ ಕಂಡೇನಿ" ಎಂದು ಹೇಳಲು ಆ ಇಬ್ಬರಲ್ಲಿ ಒಬ್ಬನಾದರೂ ಉಸಿರಾಡುತ್ತಿರಬೇಕು. ಹೀಗಾಗಿ ರಾಣೆಬೆನ್ನೂರಿನಿಂದ ಬ್ಯಾಡಗಿಯವರೆಗೆ, ಆಸ್ತಿ ಇದ್ದು ಮಕ್ಕಳ ಮೇಲೆ ನಂಬಿಕೆ ಇಲ್ಲದವರೆಲ್ಲ ಮೈಲಪ್ಪನ ಮನೆ ಹುಡುಕಿಕೊಂಡು ಬರುತ್ತಿದ್ದರು. ಅವನೂ ಮದುಮಗನ ಹಾಗೆ ಇಸ್ತ್ರಿ ಅಂಗಿ ತೊಟ್ಟು, ಗರಿಗರಿ ಧೋತರ ಉಟ್ಟು, ಹೀರೋ ಪೆನ್ನನ್ನು ಕಿಸೆಗೆ ಸಿಕ್ಕಿಸಿಕೊಂಡು ದಿಗ್ವಿಜಯಕ್ಕೆ ಹೊರಡುತ್ತಿದ್ದ. ಅರ್ಜುನನಿಗೆ ಗಾಂಡೀವ ಹೇಗೋ ಮೈಲಪ್ಪನಿಗೆ ಆ ಪೆನ್ನು ಹಾಗೆ. ಅರ್ಜುನ ಮಾತ್ರ ಬಾಣ ಬಿಡುವ ಮೊದಲು ಊಟ ಕೇಳುತ್ತಿರಲಿಲ್ಲ.

ಮೈಲಪ್ಪ ಕೇಳುತ್ತಿದ್ದ. ಸಾಕ್ಷಿಗೆ ಬಂದವನು ಬಾಯಿಗೆ ಏನಾದರೂ ಹಾಕಿಕೊಳ್ಳದೆ ಸಹಿ ಹಾಕಬಾರದು, ಹಸಿದವನ ಸಹಿ ಸೊಟ್ಟಗಾಗುತ್ತದೆ ಎಂದು ಅವನ ಅಪ್ಪ ಹೇಳಿದ್ದ. ಮೂವತ್ತು ವರ್ಷಗಳ ಎಲ್ಲ ಮೃತ್ಯುಪತ್ರಗಳನ್ನೂ ಅವನು ಊಟದಿಂದಲೇ ನೆನಪಿಟ್ಟಿದ್ದ.

"ಕರ್ಜಗಿ ಗೌಡ್ರ ಕಾಗದಾನ? ಶೇಂಗಾ ಹೋಳಿಗಿ. ತುಪ್ಪ ಮಾತ್ರ ಕೈಬಿಗಿ ಮಾಡಿದ್ರು. ಕಾಗಿನೆಲಿ ಮಾಸ್ತರ್ರದ್ದು ಹುಗ್ಗಿ."

"ಹೋದವರ ಹೆಸರ ಮರ್ತೀರಿ, ಹೋಳಿಗಿ ಮರ್ತಿಲ್ಲ ನೋಡ್ರಿ," ಎಂದು ಹೆಂಡತಿ ಫಕ್ಕೀರವ್ವ ಅನ್ನುತ್ತಿದ್ದಳು. "ಯಮ ಬಂದರೂ ಏನ್ ಉಂಡು ಬಂದೀ ಅಂತ ಕೇಳ್ತೀರಿ."

ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಅವನು ಕಟಕಟೆ ಹತ್ತಿರಲಿಲ್ಲ. 2007ರ ಬೇಸಿಗೆಯಲ್ಲಿ ಬ್ಯಾಡಗಿ ಕೋರ್ಟಿನಿಂದ ಸಮನ್ಸು ಬಂತು.

ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ ಇಟ್ಟಿದ್ದ ಪ್ರಭುಲಿಂಗಪ್ಪ ನಾಲ್ಕು ವರ್ಷದ ಹಿಂದೆ ಬರೆಸಿದ ಮೃತ್ಯುಪತ್ರ ಅದು. ಅಂಗಡಿ ಮಗ ಶಶಿಕಾಂತನಿಗೆ, ತಾನೇ ದುಡಿದು ಕಟ್ಟಿಸಿದ ಮನೆ ಮಗಳು ನಿರ್ಮಲಾಗೆ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದಿದ್ದ ನಿರ್ಮಲಾ ಹನ್ನೊಂದು ವರ್ಷ ಅಪ್ಪನನ್ನು ನೋಡಿಕೊಂಡಿದ್ದಳು. ಪಡಸಾಲೆಯಲ್ಲಿ ನಾಲ್ಕು ಮಷಿನ್ನು ಹಾಕಿಕೊಂಡು ಹೊಲಿಗೆ ಕಲಿಸುತ್ತಿದ್ದಳು. ಮನೆ ಹೋದರೆ ಅವಳಿಗೆ ತಲೆಯ ಮೇಲಿನ ಸೂರೂ ಇಲ್ಲ, ಕೈಯ ಕೆಲಸವೂ ಇಲ್ಲ. ಅಪ್ಪ ತೀರಿಕೊಂಡ ಮೇಲೆ ಶಶಿಕಾಂತ ದಾವೆ ಹಾಕಿದ್ದ: ಅಪ್ಪನಿಗೆ ಆಗ ಬುದ್ಧಿ ನೆಟ್ಟಗಿರಲಿಲ್ಲ, ಮಂಚದಿಂದ ಏಳುತ್ತಿರಲಿಲ್ಲ, ನನ್ನ ಗುರುತೂ ಸಿಗುತ್ತಿರಲಿಲ್ಲ, ಆದ್ದರಿಂದ ಪತ್ರ ನಡೆಯದು. ಇನ್ನೊಬ್ಬ ಸಾಕ್ಷಿ ಹಾಲಸಿದ್ದಪ್ಪ ಹೋಗಿ ವರ್ಷವಾಗಿತ್ತು. ಉಳಿದದ್ದು ಮೈಲಪ್ಪ ಒಬ್ಬನೇ.

ನಿರ್ಮಲಾಳ ವಕೀಲರು ಅಬ್ದುಲರಜಾಕ ಸಾಹೇಬರು. ಕೋರ್ಟಿನ ಹೊರಗೆ ಬೇವಿನ ಗಿಡದ ಕೆಳಗೆ ಅವನನ್ನು ಕೂಡಿಸಿಕೊಂಡು ಅವರು ಹೇಳಿದರು.

"ಎರಡ ಮಾತು ಮೈಲಪ್ಪನವರ. ಹಿರಿಯಾರು ಸಹಿ ಮಾಡಿದ್ದು ನೀವು ನೋಡಿರಬೇಕು. ನೀವು ಸಹಿ ಮಾಡುಮುಂದ ಅವರು ನಿಮ್ಮ ಎದುರಿಗೆ ಇರಬೇಕು. ಪತ್ರದಾಗ ಏನ್ ಬರದೈತಿ ಅನ್ನೂದು ನಿಮಗ ಗೊತ್ತಿರಬೇಕಂತೇನೂ ಇಲ್ಲ."

ಮೊದಲನೆಯದಕ್ಕೆ ಮೈಲಪ್ಪ ಧಾರಾಳವಾಗಿ ತಲೆಯಾಡಿಸಿದ. ಎರಡನೆಯದಕ್ಕೆ ಅವನ ತಲೆ ಅರ್ಧಕ್ಕೇ ನಿಂತಿತು. ಪ್ರಭುಲಿಂಗಪ್ಪ ಸಹಿ ಮಾಡಿದ್ದು ಪಡಸಾಲೆಯ ಮಂಚದ ಮೇಲೆ. ಹಾಲಸಿದ್ದಪ್ಪನೂ ಅಲ್ಲೇ ಮಾಡಿದ. ಮೈಲಪ್ಪ ಮಾತ್ರ ಅಪ್ಪನ ಮಾತಿನಂತೆ ಕಾಗದ ಹಿಡಿದುಕೊಂಡು ಅಡುಗೆಮನೆಗೆ ಹೋಗಿದ್ದ. ಬಿಸಿ ರೊಟ್ಟಿ, ಎಣ್ಣೆಗಾಯಿ, ಕೆಂಪು ಚಟ್ನಿ, ಮೊಸರು. ತಾಟಿನಲ್ಲಿ ಎಣ್ಣೆಗಾಯಿ ಯಾವ ಕಡೆ ಇತ್ತು ಎಂಬುದೂ ನೆನಪಿತ್ತು. ಪ್ರಭುಲಿಂಗಪ್ಪ ಎಲ್ಲಿದ್ದ ಎಂಬುದು ಮಾತ್ರ ಸುತಾರಾಂ ನೆನಪಿರಲಿಲ್ಲ.

"ಕಾಕಾ, ನೀವಿದ್ದೀರಂತ ನನಗ ಧೈರ್ಯ ಐತಿ," ಎಂದಳು ನಿರ್ಮಲಾ.

ಆ ಧೈರ್ಯವನ್ನು ತನಗೂ ಸ್ವಲ್ಪ ಕೊಟ್ಟಿದ್ದರೆ ಚೆನ್ನಾಗಿತ್ತು ಎನ್ನಿಸಿತು ಮೈಲಪ್ಪನಿಗೆ.

ಒಳಗೆ ಅರ್ಧ ಬ್ಯಾಡಗಿ ಪೇಟೆಯೇ ಕೂತಿತ್ತು. ಅವತ್ತು ಮಾರುಕಟ್ಟೆಗೆ ರಜೆ. ದಲಾಲರಿಗೆ ಬೇರೆ ಉದ್ಯೋಗವಿರಲಿಲ್ಲ. ಶಶಿಕಾಂತನ ವಕೀಲ ಚೇತನಕುಮಾರ ಎಳೆಯ ವಯಸ್ಸಿನವನು, ಕಣ್ಣು ಹದ್ದಿನದು. ಮೃತ್ಯುಪತ್ರವನ್ನು ಬೆಳಕಿಗೆ ಹಿಡಿದು ಮೈಲಪ್ಪನ ಸಹಿಯ ಪಕ್ಕಕ್ಕೆ ಬೆರಳಿಟ್ಟ.

"ಇದೇನ್ರಿ ಕಲೆ?"

"ಚಟ್ನಿರಿ."

"ಮೃತ್ಯುಪತ್ರದ ಮ್ಯಾಲೆ ಚಟ್ನಿ ಹೆಂಗ ಬಂತು?"

"ಉಣ್ಣಾಕತ್ತಿದ್ದೆರಿ."

ದಲಾಲರ ಸಾಲಿನಲ್ಲಿ ಯಾರೋ ಕೆಮ್ಮಿದರು.

"ಅಂದ್ರ ಅಡಗಿಮನ್ಯಾಗ ಕುಂತು ಸಹಿ ಮಾಡಿದ್ರಿ."

"ಹೌದ್ರಿ."

"ಪ್ರಭುಲಿಂಗಪ್ಪನವರು ಪಡಸಾಲ್ಯಾಗ, ಮಂಚದ ಮ್ಯಾಲೆ. ನಡುವ ಗ್ವಾಡಿ. ಗ್ವಾಡಿ ಒಳಗಿಂದ ನಿಮ್ಮನ್ನ ನೋಡಿದ್ರೇನು?"

ನಿರ್ಮಲಾ ತಲೆ ತಗ್ಗಿಸಿದಳು. ಸುಳ್ಳು ಹೇಳುವುದು ಮೈಲಪ್ಪನಿಗೆ ಬರುತ್ತಿರಲಿಲ್ಲ. ಬಂದರೂ ಪ್ರಮಾಣ ಮಾಡಿ ಐದು ನಿಮಿಷ ಆಗಿರಲಿಲ್ಲ. ತನ್ನ ವಂಶದಲ್ಲಿ ಮೊದಲ ಬಾರಿಗೆ ಒಬ್ಬ ಅಲ್ಪಾಯುಷಿ ಹುಟ್ಟಿದ್ದಾನೆ, ಅವನು ಈಗ ಇಲ್ಲೇ ಸಾಯುತ್ತಾನೆ ಎಂದುಕೊಂಡ.

"ಆ ಕಾಗದ ಒಂದೀಟು ತೋರಸ್ರಿ," ಎಂದ.

ನ್ಯಾಯಾಧೀಶರು ತಲೆಯಾಡಿಸಿದರು. ಮೈಲಪ್ಪ ಕನ್ನಡಕ ಹಾಕಿಕೊಂಡು ಕಲೆ ನೋಡಿದ. ಬ್ಯಾಡಗಿ ಮೆಣಸಿನಕಾಯಿಯ ಬಣ್ಣ ಬಟ್ಟೆಗೆ ಹತ್ತಿದರೆ ಬಟ್ಟೆ ಹರಿಯಬೇಕು, ಬಣ್ಣ ಹೋಗಬಾರದು. ಈ ಕಲೆ ನಾಲ್ಕೇ ವರ್ಷಕ್ಕೆ ಬಿಸಿಲಿಗೆ ಹಾಕಿದ ಸೀರೆಯ ಹಾಗೆ ಬಿಳಚಿಕೊಂಡಿತ್ತು. ಅದನ್ನು ನೋಡುತ್ತಿದ್ದಂತೆ ಪ್ರಭುಲಿಂಗಪ್ಪ ಅವನ ಕಣ್ಣಮುಂದೆ ಬಂದು ನಿಂತ. ಕೋಲು ಊರಿಕೊಂಡು, ಅಡುಗೆಮನೆಯ ಬಾಗಿಲಲ್ಲಿ, ಕೆಂಡವಾಗಿ.

"ಗ್ವಾಡಿ ಒಳಗಿಂದ ಅಲ್ರಿ," ಎಂದ ಮೈಲಪ್ಪ, ಈಗ ಧ್ವನಿಗೆ ತ್ರಾಣ ಬಂದಿತ್ತು. "ಬಾಗಲದಾಗ ನಿಂತು ನೋಡಿದ್ರು. ನನಗ ನೀರು ಕೊಡಂತ ಮಗಳಿಗೆ ಹೇಳಾಕ ಎದ್ದು ಬಂದ್ರು, ಆಕಿ ಹಿತ್ತಲದಾಗಿದ್ಲು. ನನ್ನ ತಾಟ ನೋಡಿ ಬೈಯಾಕ ಸುರು ಮಾಡಿದ್ರು. ನಾ ಒಂದ ಕೈಯಾಗ ರೊಟ್ಟಿ ಹಿಡಕೊಂಡು ಇನ್ನೊಂದ ಕೈಲೆ ಸಹಿ ಮಾಡೂತನ ಬೈದ್ರು."

"ಯಾಕ ಬೈದ್ರು?" ಚೇತನಕುಮಾರ ಕೇಳಬಾರದಿತ್ತು. ಕೇಳಿಬಿಟ್ಟ.

"ಈ ಚಟ್ನಿ ಬಣ್ಣ ನಮ್ಮ ಊರಿನದಲ್ಲ, ಇದು ಗುಂಟೂರ ಕಾಯಿ. ಬ್ಯಾಡಗಿ ಅಂತ ಹೇಳಿ ಮಗ ಮಿಕ್ಸ್ ಮಾಲ್ ಮನಿಗೆ ಕಳಿಸ್ಯಾನ, ಇದನ್ನ ಗಿರಾಕಿಗೂ ಮಾರ್ತಾನೇನು, ಅಂದ್ರು."

ದಲಾಲರು ಒಟ್ಟಿಗೆ ತಿರುಗಿ ಶಶಿಕಾಂತನನ್ನು ನೋಡಿದರು. ಬ್ಯಾಡಗಿ ಪೇಟೆಯಲ್ಲಿ ಅಪ್ಪನ ಮೇಲೆ, ತಂಗಿಯ ಮೇಲೆ ದಾವೆ ಹಾಕಿದರೆ ಜನ ಎರಡು ದಿನ ಮಾತಾಡಿ ಬಿಡುತ್ತಾರೆ. ಮಿಕ್ಸ್ ಮಾಲು ಮಾರುತ್ತಾನೆ ಎಂದರೆ ಅವನ ಮೊಮ್ಮಕ್ಕಳ ಕಾಲದಲ್ಲೂ ಮಾತಾಡುತ್ತಾರೆ. ಶಶಿಕಾಂತ ಎದ್ದು ನಿಂತ. ಚೇತನಕುಮಾರ ಅವನ ಅಂಗಿ ಹಿಡಿದು ಎಳೆದದ್ದು ಅವನಿಗೆ ತಿಳಿಯಲಿಲ್ಲ.

"ಸುಳ್ಳರಿ ಅದು. ಪಕ್ಕಾ ಬ್ಯಾಡಗಿ ಕಾಯಿ, ನನ್ನ ಕೈಯಾರೆ ಆರಿಸಿ ಕಳಿಸಿದ್ದೆ. ಆವತ್ತ ಸಂಜಿಕ ಅಪ್ಪ ಕೋಲ ಹಿಡಕೊಂಡು ಅಂಗಡಿಗೆ ಬಂದು ನನ್ನ ಹೆಸರು ಹಿಡದು ಬೈದಾಗ, ಚೀಲ ಬಿಚ್ಚಿ ಮಾರಿ ಮುಂದ ಹಿಡದು ತೋರಿಸೇನಿ."

"ಯಾರು ಬಂದರು ಅಂಗಡಿಗೆ?" ಎಂದರು ನ್ಯಾಯಾಧೀಶರು, ಬಹಳ ಮೆಲ್ಲಗೆ.

ಶಶಿಕಾಂತ ಬೆಂಚಿನ ಮೇಲೆ ಕೂತುಬಿಟ್ಟ. ಮಂಚದಿಂದ ಏಳದ, ಮಗನ ಗುರುತು ಸಿಗದ ಮನುಷ್ಯ ಕೋಲೂರಿಕೊಂಡು ಪೇಟೆ ದಾಟಿ ಬಂದದ್ದು ಅವನಿಗೂ ಈಗಷ್ಟೇ ಕಂಡಿತು. ಚೇತನಕುಮಾರ ಕಾಗದ ಜೋಡಿಸತೊಡಗಿದ. ಅಬ್ದುಲರಜಾಕ ಸಾಹೇಬರು ಎದ್ದು, ಈ ಮಾತು ದಾಖಲಾಗಬೇಕು ಎಂದರು. ಮುಂದಿನ ತಾರೀಖಿಗೆ ಶಶಿಕಾಂತನನ್ನೇ ಮತ್ತೆ ಕಟಕಟೆಗೆ ಹತ್ತಿಸಿ ಕೇಳಿದರು. ಮೆಣಸಿನಕಾಯಿಯ ಮಾನ ಉಳಿಸಲು ಅವನು ಅದನ್ನೇ ಇನ್ನಷ್ಟು ವಿವರವಾಗಿ ಹೇಳಿದ. ಮಳೆಗಾಲ ಮುಗಿಯುವ ಹೊತ್ತಿಗೆ ತೀರ್ಪು ಬಂತು. ಮನೆ ನಿರ್ಮಲಾಳದೇ. ನಾಲ್ಕು ಮಷಿನ್ನಿದ್ದ ಪಡಸಾಲೆಗೆ ಐದನೆಯದು ಬಂತು.

"ಮನಿ ಉಳಿಸಿದ್ದು ನೀವಲ್ಲ, ಚಟ್ನಿ," ಎಂದಳು ಫಕ್ಕೀರವ್ವ.

ಅಂದಿನಿಂದ ಮೈಲಪ್ಪ ಅಪ್ಪನ ನಿಯಮವನ್ನು ತಿರುವಿ ಹಾಕಿದ. ಬರೆಸುವವರ ಎದುರಿಗೆ ಕೂತು ಮೊದಲು ಸಹಿ, ಆಮೇಲೆ ತಾಟು. ಸಹಿ ಸ್ವಲ್ಪ ಸೊಟ್ಟಗಾಗುತ್ತದೆ, ಆದರೂ ಚಿಂತೆಯಿಲ್ಲ.

ಮರುವರ್ಷ ಅವನ ಕಟ್ಟೆಗೆ ಬಂದು ಕೂತವನು ಶಶಿಕಾಂತ. ಐವತ್ತು ದಾಟಿತ್ತು, ಇಬ್ಬರು ಗಂಡುಮಕ್ಕಳಿದ್ದರು, ಇಬ್ಬರೂ ಅವನ ಹಾಗೆಯೇ. ತನ್ನ ಮೃತ್ಯುಪತ್ರಕ್ಕೂ ಮೈಲಪ್ಪನೇ ಸಾಕ್ಷಿಯಾಗಬೇಕು ಎಂದ. ಕಾಲ ಬಳಿ ಒಂದು ಚೀಲ ಮೆಣಸಿನಕಾಯಿ ಇಟ್ಟ.

"ಇದರಾಗ ಮಿಕ್ಸ್ ಇಲ್ಲ ಕಾಕಾ. ಬೇಕಂದ್ರ ಬಿಚ್ಚಿ ನೋಡ್ರಿ."

ಮೈಲಪ್ಪ ಬಿಚ್ಚಿದ. ಒಂದು ಕಾಯಿ ಮುರಿದು ಅಂಗೈಗೆ ತಿಕ್ಕಿ ಬೆಳಕಿಗೆ ಹಿಡಿದ. ಒಳಗಿನಿಂದ ಫಕ್ಕೀರವ್ವನೂ ಬಂದು ನೋಡಿದಳು.

"ಕಾಯೇನೋ ಖರೇ ಐತಿ," ಎಂದ ಮೈಲಪ್ಪ, ಪೆನ್ನು ಹುಡುಕುತ್ತ. "ನಡಿ, ಕಾಗದ ಎಲ್ಲೈತಿ ತೋರ್ಸು. ನೀ ಮಾತ್ರ ನಾ ಸಹಿ ಮಾಡೂತನ ನನ್ನ ಮುಂದಿಂದ ಏಳಬ್ಯಾಡ."